ರೋಮಾ 3:28, ಯಾಕೋಬ 2:24: ಕನ್ಫರ್ಮೇಶನ್ ಕ್ಲಾಸಿನಲ್ಲಿ ಎರಡನ್ನೂ ಹೇಗೆ ಕಲಿಸುವುದು?

ತುಮಕೂರು ಟೀಚರ್ ಕೇಳಿದ್ದು:

ಎಲ್ಲರಿಗೂ ವಂದನೆಗಳು. ತುಮಕೂರಿನ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಕನ್ಫರ್ಮೇಶನ್ ಕ್ಲಾಸ್, ಅಂದರೆ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ದೃಢಪಡಿಸುವುದಕ್ಕೆ ಮುಂಚಿನ ತರಗತಿ, ನಡೆಸುತ್ತಿದ್ದೇನೆ. ಹದಿನಾಲ್ಕರಿಂದ ಹದಿನೇಳರ ವಯಸ್ಸಿನ ಮಕ್ಕಳು, ಭಾನುವಾರ ಆರಾಧನೆ ಮುಗಿದ ಮೇಲೆ 75 ನಿಮಿಷ. ಮುಂದಿನ ಪಾಠ ರಕ್ಷಣೆಯದು. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯ ನೀತಿವಂತನೆನಿಸಿಕೊಳ್ಳುತ್ತಾನೆ ಎನ್ನುವುದು ರೋಮಾ 3:28. ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ನೀತಿವಂತನೆನಿಸಿಕೊಳ್ಳುತ್ತಾನೆ ಎನ್ನುವುದು ಯಾಕೋಬ 2:24. ರೋಮಾ ಪತ್ರ ಬರೆದ ಪೌಲ, ಯಾಕೋಬ ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ, ಇಬ್ಬರೂ ಎತ್ತಿಕೊಳ್ಳುವುದು ಆದಿಕಾಂಡ 15:6ನ್ನೇ: ಅಬ್ರಹಾಮ ದೇವರನ್ನು ನಂಬಿದ, ಅದನ್ನು ದೇವರು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಿದ. ಮಕ್ಕಳು ಮೊಬೈಲಿನಲ್ಲಿ ಎರಡನ್ನೂ ತೆರೆದಿಟ್ಟುಕೊಂಡು ಕೇಳುತ್ತಾರೆ. “ಎರಡೂ ಬೇಕು” ಎಂದು ಹೇಳಿ ಮುಂದಕ್ಕೆ ಹೋದರೆ ಸುಮ್ಮನಾಗುವ ವಯಸ್ಸಲ್ಲ.

ಕೆಲವು ಮಕ್ಕಳ ತಾಯಿಯ ಕಡೆಯವರು ಕಥೋಲಿಕರು. ಇನ್ನು ಕೆಲವರು ಮನೆಯವರ ಜೊತೆ ಪೆಂಟೆಕೊಸ್ಟಲ್ ಪ್ರಾರ್ಥನೆಗೂ ಹೋಗುವವರು. ಅವರ ಮನೆಯಲ್ಲಿ ಜಗಳ ಹಚ್ಚುವಂಥ ಪಾಠ ಬೇಡ. ಹಾಗೆಂದು ಸಭೆ ಸಭೆಗೆ ನಿಜವಾಗಿ ಇರುವ ವ್ಯತ್ಯಾಸವನ್ನು ಮುಚ್ಚಿಡುವುದೂ ಬೇಡ. ಯಾವ ಕ್ರಮದಲ್ಲಿ ಕಲಿಸಲಿ, ಯಾವ ವಚನಗಳು ಸಾಕು, ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ತಿಳಿದವರು ಹೇಳಿ.

ಚಿಂತಾಮಣಿ ವೇದಪಾಠ:

ಟೀಚರ್, “ಎರಡೂ ಬೇಕು” ಅನ್ನುವುದರಲ್ಲಿ ಒಂದು ಅಪಾಯವಿದೆ. ಮಕ್ಕಳು ಅದನ್ನು ಅರ್ಧ ನಂಬಿಕೆ, ಅರ್ಧ ಕ್ರಿಯೆ ಎಂದು ಕೂಡಿಸಿಕೊಳ್ಳುತ್ತಾರೆ. ದೇವರ ಪಾಲು ಐವತ್ತು, ನಮ್ಮ ಪಾಲು ಐವತ್ತು. ಈ ಕೂಡಿಸುವ ಲೆಕ್ಕಕ್ಕೆ ಪೌಲನ ಸಹಿಯೂ ಇಲ್ಲ, ಯಾಕೋಬನ ಸಹಿಯೂ ಇಲ್ಲ.

ಸುಧಾರಣೆಯ, ಅಂದರೆ ಪ್ರಾಟೆಸ್ಟೆಂಟ್ ಸಭೆಗಳು ಕಥೋಲಿಕ ಸಭೆಯಿಂದ ಬೇರೆಯಾದ, ಚರಿತ್ರೆಯಿಂದ ಶುರುಮಾಡಬೇಡಿ. 1517, ಲೂಥರ್, ಪಾಪವಿಮೋಚನಾ ಪತ್ರ ಎಂದು ಹೊರಟರೆ ಐದೇ ನಿಮಿಷದಲ್ಲಿ ಪಾಠ ಕಥೋಲಿಕರ ಮೇಲಿನ ದೂರಾಗಿರುತ್ತದೆ. ಅಬ್ರಹಾಮನ ವಯಸ್ಸಿನಿಂದ ಶುರುಮಾಡಿ. ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು ಹೀಗೆ ಬರೆಸಿ: ಹಾರಾನಿನಿಂದ ಹೊರಟಾಗ 75 (ಆದಿಕಾಂಡ 12:4). ಇಷ್ಮಾಯೇಲ ಹುಟ್ಟಿದಾಗ 86 (16:16). ಸುನ್ನತಿಯಾದಾಗ 99 (17:24). ಇಸಾಕ ಹುಟ್ಟಿದಾಗ 100 (21:5). ಈಗ 15:6ನ್ನು ಗೆರೆಯ ಮೇಲೆ ಎಲ್ಲಿಡಬೇಕು ಎಂದು ಮಕ್ಕಳನ್ನೇ ಕೇಳಿ. ಅಲ್ಲಿ ವಯಸ್ಸು ಕೊಟ್ಟಿಲ್ಲ, ಆದರೆ ಇಷ್ಮಾಯೇಲ ಹುಟ್ಟುವುದಕ್ಕೆ ಮೊದಲು, ಅಂದರೆ 86ರ ಆಚೆಗೆ ಹೋಗುವಂತಿಲ್ಲ. ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಮುಂದಾದ ಮೋರೀಯ ಬೆಟ್ಟದ 22ನೇ ಅಧ್ಯಾಯ 100ರಿಂದಲೂ ಆಚೆಗೆ, ಏಕೆಂದರೆ ಅಷ್ಟು ಹೊತ್ತಿಗೆ ಇಸಾಕ ಹೋಮದ ಕಟ್ಟಿಗೆ ಹೊತ್ತು ಬೆಟ್ಟ ಹತ್ತುವಷ್ಟು ಬೆಳೆದಿದ್ದಾನೆ.

ಈ ಗೆರೆ ಸರಿಯಾಗಿ ಬಿದ್ದರೆ ಪಾಠದ ಮುಕ್ಕಾಲು ಮುಗಿಯಿತು. ಪೌಲನ ವಾದ ನಿಂತಿರುವುದೇ ಈ ಅಂತರದ ಮೇಲೆ. ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮೊದಲೋ ಆಮೇಲೋ ಎಂದು ರೋಮಾ 4:10ರಲ್ಲಿ ಅವನೇ ಕೇಳುತ್ತಾನೆ, ಮೊದಲೇ ಎಂದು ಅವನೇ ಉತ್ತರಿಸುತ್ತಾನೆ. ಕನಿಷ್ಠ 13 ವರ್ಷ ಮೊದಲು. ಹಾಗಾದರೆ ಸುನ್ನತಿಯಿಲ್ಲದ ಅನ್ಯಜನರಿಗೂ (ಯೆಹೂದ್ಯರಲ್ಲದವರಿಗೂ) ಬಾಗಿಲು ತೆರೆದಿದೆ. ಯಾಕೋಬ ನೋಡುವುದು ಅದೇ ಗೆರೆಯ ಇನ್ನೊಂದು ತುದಿಯನ್ನು. 15:6ರಲ್ಲಿ ಶುರುವಾದ ನಂಬಿಕೆ 22ನೇ ಅಧ್ಯಾಯದ ಹೊತ್ತಿಗೆ ಏನಾಗಿತ್ತು? ಕ್ರಿಯೆಯಿಂದ ನಂಬಿಕೆ ಸಿದ್ಧಿಗೆ ಬಂತು, ಆ ಹಳೆಯ ಮಾತು ನೆರವೇರಿತು ಎನ್ನುತ್ತಾನೆ (2:22-23). ಬಾಗಿಲ ಬಳಿ ನಿಂತವನಿಗೆ ಪೌಲನ ಮಾತು, ಒಳಗೆ ಬಂದು ಎಷ್ಟೋ ವರ್ಷವಾದವನಿಗೆ ಯಾಕೋಬನದು.

ಎರಡನೇ ಹೆಜ್ಜೆ, ‘ಕ್ರಿಯೆ’ ಎಂದು ಇಬ್ಬರೂ ಯಾವುದನ್ನು ಕರೆಯುತ್ತಿದ್ದಾರೆ ಎಂದು ವಚನದಿಂದಲೇ ಹುಡುಕಿಸಿ. ಅರ್ಧ ಮಕ್ಕಳಿಗೆ ಗಲಾತ್ಯ 2:11-16, 4:10, 5:2-6 ಕೊಡಿ. ಸುನ್ನತಿ, ಯಾರ ಜೊತೆ ಊಟಕ್ಕೆ ಕೂರಬಹುದು, ದಿನ ತಿಂಗಳುಗಳ ಆಚರಣೆ ಸಿಗುತ್ತವೆ. ಉಳಿದರ್ಧಕ್ಕೆ ಯಾಕೋಬ 2:1-17. ಬಂಗಾರದ ಉಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುವುದು, ಬಟ್ಟೆಯಿಲ್ಲದ ಹಸಿದ ಸಹೋದರನನ್ನು ಬರಿಮಾತಿನಲ್ಲಿ ಕಳಿಸುವುದು. ಎರಡು ಪಟ್ಟಿಯಲ್ಲಿ ಒಂದು ಬಾಬತ್ತೂ ಕೂಡುವುದಿಲ್ಲ. ಯಾಕೋಬ ಎಲ್ಲಿಯೂ ಸುನ್ನತಿ ಮಾಡಿಸಿಕೊಳ್ಳಿ ಎನ್ನುವುದಿಲ್ಲ. ಅವನ ಕೊನೆಯ ಸಾಕ್ಷಿ ಇಸ್ರಾಯೇಲ್ಯರ ಗೂಢಚಾರರನ್ನು ಕಾಪಾಡಿದ ಅನ್ಯಜನರ ಹೆಂಗಸು, ಯೆರಿಕೋವಿನ ರಹಾಬ.

ನಂಬಿಕೆಯ ಕಡೆಯೂ ಹೀಗೇ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎನ್ನುತ್ತದೆ ಯಾಕೋಬ 2:19. ಯಾಕೋಬ ಹಳಿಯುವುದು ಈ ಬರೀ ಒಪ್ಪಿಗೆಯನ್ನು. ಪೌಲ ಹೊಗಳುವ ನಂಬಿಕೆ ಪ್ರೀತಿಯ ಮೂಲಕ ಕೆಲಸ ಮಾಡುವಂಥದ್ದು (ಗಲಾತ್ಯ 5:6).

ಇಲ್ಲಿಯೇ ಒಂದು ಕಡೆ ಜಾಗ್ರತೆ. “ಪೌಲ ಬೇಡವೆಂದದ್ದು ಬರೀ ಯೆಹೂದ್ಯ ಆಚರಣೆಗಳನ್ನು, ಒಳ್ಳೆಯ ಕೆಲಸವನ್ನಲ್ಲ” ಎಂದು ಹೇಳಿ ಮುಗಿಸುವವರಿದ್ದಾರೆ. ಅಷ್ಟು ಸುಲಭವಿಲ್ಲ. ರೋಮಾ 4:4-5ರಲ್ಲಿ ಅವನು ಕೂಲಿಗೂ ಕೃಪೆಗೂ ಇರುವ ವ್ಯತ್ಯಾಸ ಹೇಳುತ್ತಾನೆ. ತೀತ 3:5ರಲ್ಲಿ ನಾವು ಮಾಡಿದ ನೀತಿಯ ಕೆಲಸಗಳೆಂದೇ ಇದೆ. ಎಫೆಸ 2:9ರಲ್ಲಿ ಯಾರೂ ಹೊಗಳಿಕೊಳ್ಳದಂತೆ ಎಂದಿದೆ. ಯಾವ ಕೆಲಸವನ್ನಾದರೂ ಸರಿ, ಕೂಲಿ ಕೇಳುವ ಚೀಟಿಯಾಗಿ ದೇವರ ಮುಂದೆ ಹಿಡಿದರೆ ಪೌಲ ಅಡ್ಡ ನಿಲ್ಲುತ್ತಾನೆ.

ಕೆಜಿಎಫ್ ಧರ್ಮೋಪದೇಶಿ:

ಸ್ತೋತ್ರ. ಮೇಲಿನವರು ಹೇಳಿದ ವಯಸ್ಸಿನ ಗೆರೆ ನಮ್ಮ ಕಥೋಲಿಕ ಕೆಟೆಕಿಸಂ (ಧರ್ಮೋಪದೇಶ) ತರಗತಿಗೂ ಹೊಂದುತ್ತದೆ. ಕಥೋಲಿಕ ತಾಯಂದಿರ ಮಕ್ಕಳಿದ್ದಾರೆ ಎಂದಿರಿ, ಅದಕ್ಕೆ ಬೇಕಾದ ಎರಡು ಮಾತು ಸೇರಿಸುತ್ತೇನೆ.

“ಕಥೋಲಿಕರು ಪುಣ್ಯಕಾರ್ಯದಿಂದ ಮೋಕ್ಷ ಸಂಪಾದಿಸುತ್ತಾರೆ” ಎಂಬ ಮಾತು ನಿಮ್ಮ ಕಡೆ ತುಂಬ ಓಡಾಡುತ್ತದೆ. ಸುಧಾರಣೆಗೆ ಉತ್ತರವಾಗಿ ಸೇರಿದ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ತನ್ನ ಆರನೇ ಅಧಿವೇಶನದಲ್ಲಿ ಇದೇ ವಿಷಯದ ಮೇಲೆ 16 ಅಧ್ಯಾಯ, 33 ನಿಯಮಗಳನ್ನು ಹೊರಡಿಸಿತು. ಮೊದಲನೆಯ ನಿಯಮವೇ ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕಾರ್ಯಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಬಹಿಷ್ಕರಿಸುತ್ತದೆ. ನೀತೀಕರಣಕ್ಕೆ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನಾಗುವುದಕ್ಕೆ, ಮುಂಚೆ ಇರುವ ಯಾವುದೂ, ವಿಶ್ವಾಸವಾಗಲಿ ಕಾರ್ಯವಾಗಲಿ, ಆ ಕೃಪೆಯನ್ನು ಗಳಿಸಿಕೊಡುವುದಿಲ್ಲ ಎಂದು 8ನೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಈಗಿನ ಧರ್ಮೋಪದೇಶ ಗ್ರಂಥದ 2010ನೇ ಪರಿಚ್ಛೇದವೂ ಅದನ್ನೇ ಹೇಳುತ್ತದೆ: ಮೊದಲ ಕೃಪೆಯನ್ನು ಯಾರೂ ಗಳಿಸಲಾರರು.

ವ್ಯತ್ಯಾಸ ಇರುವುದು ಅದರ ಮುಂದಕ್ಕೆ. ಒಂದು, ನೀತೀಕರಣ ಅಂದರೆ ಏನು? ನಮಗೆ ಅದು ಕ್ಷಮೆಯ ತೀರ್ಪಷ್ಟೇ ಅಲ್ಲ, ಒಳಗಿನ ಮನುಷ್ಯ ಹೊಸಬನಾಗುವುದೂ ಅದರಲ್ಲೇ ಸೇರಿದೆ. ಸುಧಾರಣೆಯ ಸಭೆಗಳು ತೀರ್ಪನ್ನು ಒಂದಾಗಿಯೂ ಪವಿತ್ರೀಕರಣವನ್ನು (ಬಾಳು ಪವಿತ್ರವಾಗುತ್ತ ಹೋಗುವುದನ್ನು) ಅದರ ಬೆನ್ನಿಗೇ ಬರುವ ಇನ್ನೊಂದಾಗಿಯೂ ಹೇಳುತ್ತವೆ. ಎರಡು, ಸತ್ಕಾರ್ಯ ಬರೀ ಫಲವೇ ಚಿಹ್ನೆಯೇ, ಇಲ್ಲ ಕೃಪೆಯಲ್ಲಿ ಬೆಳೆಸುತ್ತದೆಯೇ? ಬೆಳೆಸುತ್ತದೆ ಎಂಬುದು ಟ್ರೆಂಟ್‌ನ 24ನೇ ನಿಯಮ. ಆ ಬೆಳವಣಿಗೆಯ ಯೋಗ್ಯತೆಯೂ ದೇವರ ಕೊಡುಗೆಯೇ ಎಂದು ಅದೇ ಕಟ್ಟಳೆಯ 16ನೇ ಅಧ್ಯಾಯ ಸೇರಿಸುತ್ತದೆ. ಈ ಎರಡನ್ನು ಸರಿಯಾಗಿ ಹೇಳಿದರೆ ಕಥೋಲಿಕ ಅಜ್ಜಿಯ ಮೊಮ್ಮಗಳಿಗೂ ಬೇಸರವಿಲ್ಲ, ಸುಳ್ಳೂ ಇಲ್ಲ.

1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣದ ಬಗ್ಗೆ ಸಹಿ ಹಾಕಿದ ಜಂಟಿ ಘೋಷಣೆಯನ್ನೂ ತಿಳಿಸಿ. ಅದರ 15ನೇ ಪರಿಚ್ಛೇದದ ತಾತ್ಪರ್ಯ: ನಮ್ಮಲ್ಲಿನ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದ ಮೇಲಿನ ವಿಶ್ವಾಸದಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಹೃದಯವನ್ನು ಹೊಸದು ಮಾಡುವ ಪವಿತ್ರಾತ್ಮವನ್ನು ಕೊಟ್ಟು ಸತ್ಕಾರ್ಯಕ್ಕೆ ಕರೆಯುತ್ತಾನೆ. ವಿಶ್ವ ಮೆಥಡಿಸ್ಟ್ ಮಂಡಳಿ 2006ರಲ್ಲಿ, ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟ 2017ರಲ್ಲಿ ಇದಕ್ಕೆ ಸೇರಿದವು. ಆಂಗ್ಲಿಕನ್ ಸಮಾಲೋಚನಾ ಮಂಡಳಿ 2016ರಲ್ಲಿ ಇದರ ಸಾರವನ್ನು ಸ್ವಾಗತಿಸಿತು. ನಿಮ್ಮ ಸಿಎಸ್‌ಐ 1947ರಲ್ಲಿ ಹುಟ್ಟಿದ್ದೇ ಈ ಪರಂಪರೆಗಳು ಕೂಡಿ. ಹಾಗಾಗಿ ಇದು ಯಾರದೋ ಊರಿನ ರಾಜಿಯಲ್ಲ, ನಿಮ್ಮ ಮನೆಯ ಹಿರಿಯರೇ ಕೂತು ಮಾಡಿದ್ದು.

ಕೋಲಾರ ಪ್ರಾರ್ಥನಾ ಗುಂಪು:

ಪ್ರೈಸ್ ದ ಲಾರ್ಡ್. ಇಷ್ಟೆಲ್ಲ ಸುತ್ತು ಬೇಕೇ? ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಯಾವ ಒಳ್ಳೇ ಕೆಲಸ ಮಾಡಿದ್ದ? ದೀಕ್ಷಾಸ್ನಾನವೂ ಇಲ್ಲ, ದಶಮಾಂಶವೂ ಇಲ್ಲ. ಆದರೂ ಅದೇ ದಿನ ಪರದೈಸು. ಹದಿನಾಲ್ಕು ವರ್ಷದ ಮಕ್ಕಳಿಗೆ ಯಾಕೋಬನನ್ನು ಮುಂದಿಟ್ಟರೆ ಅವರು ಮತ್ತೆ “ನಾನು ಸಾಕಷ್ಟು ಮಾಡಿದೆನಾ” ಎಂಬ ಭಯಕ್ಕೇ ಬೀಳುತ್ತಾರೆ. ರಕ್ಷಣೆಯ ನಿಶ್ಚಯ ಮೊದಲು ಕೊಡಿ. ನಂಬುವವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಎನ್ನುವ ಯೋಹಾನ 5:24 ಸಾಕು. ಕ್ರಿಯೆ ತಾನಾಗಿ ಬರುತ್ತದೆ.

ಚಿಂತಾಮಣಿ ವೇದಪಾಠ:

ಬ್ರದರ್, ಭಯದ ವಿಷಯದಲ್ಲಿ ನೀವು ಹೇಳುವುದು ಸರಿ. ಕೆಲವು ಮಕ್ಕಳು ಸ್ವಭಾವದಿಂದಲೇ ಅಂಜುಬುರುಕರು. ಅಂಥವರಿಗೆ ಕಡೆಯ ತೀರ್ಪಿನಲ್ಲಿ ಜನರನ್ನು ಬಲಗಡೆ ಎಡಗಡೆ ಬೇರ್ಪಡಿಸುವ ಮತ್ತಾಯ 25 ಓದಿಸಿ ಬಿಟ್ಟರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಕಳ್ಳನ ಉದಾಹರಣೆ ನೀವು ಹೊರಿಸುವಷ್ಟು ಭಾರ ಹೊರುವುದಿಲ್ಲ. ಲೂಕ 23:40-42 ನಿಧಾನವಾಗಿ ಓದಿ. ಜೊತೆಯವನನ್ನು ಗದರಿಸುತ್ತಾನೆ, ತನ್ನ ಶಿಕ್ಷೆ ನ್ಯಾಯವೇ ಎಂದು ಬಾಯಿಬಿಟ್ಟು ಒಪ್ಪುತ್ತಾನೆ, ಎಲ್ಲರೂ ಹಳಿಯುತ್ತಿದ್ದ ಯೇಸು ನಿರಪರಾಧಿ ಎಂದು ಸಾಕ್ಷಿ ಹೇಳುತ್ತಾನೆ, ಆಮೇಲೆ ಬೇಡಿಕೊಳ್ಳುತ್ತಾನೆ. ಮೊಳೆ ಹೊಡೆದ ಕೈಕಾಲಿನ ಮನುಷ್ಯನಿಗೆ ಉಳಿದಿದ್ದ ಕೆಲಸ ಅಷ್ಟೇ, ಅಷ್ಟನ್ನೂ ಮಾಡಿದ. ಅದರಿಂದ ಪರದೈಸು ಗಳಿಸಿದ ಎಂದಲ್ಲ. ಜೀವವಿರುವ ನಂಬಿಕೆ ಕೆಲವೇ ಗಳಿಗೆಯಲ್ಲೂ ಸುಮ್ಮನಿರುವುದಿಲ್ಲ ಎಂಬುದಕ್ಕೆ ಅವನು ಪೌಲನಿಗೂ ಸಾಕ್ಷಿ, ಯಾಕೋಬನಿಗೂ ಸಾಕ್ಷಿ.

“ತಾನಾಗಿ ಬರುತ್ತದೆ” ಎಂಬ ಮಾತನ್ನೂ ಹಾಗೇ ಬಿಡಲಾಗದು. ತಾನಾಗಿ ಬರುವಂತಿದ್ದರೆ ಪೌಲನ ಪತ್ರಗಳ ಕೊನೆಯ ಅಧ್ಯಾಯಗಳೇ ಬೇಕಿರಲಿಲ್ಲ. ರೋಮಾ 11 ಅಧ್ಯಾಯ ಕೃಪೆಯ ವಿಷಯ ಹೇಳಿ 12ರಿಂದ ಅತಿಥಿಸತ್ಕಾರ, ತೆರಿಗೆ, ಊಟದ ವಿಷಯದ ಜಗಳ ಎಂದು ಒಂದೊಂದನ್ನೂ ಹೆಸರಿಟ್ಟು ಹೇಳುತ್ತದೆ. ಭಯದಿಂದ ನಡುಗುತ್ತ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎನ್ನುವ ಫಿಲಿಪ್ಪಿ 2:12ರ ಬೆನ್ನಿಗೇ, ನಿಮ್ಮಲ್ಲಿ ಇಚ್ಛೆಯನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ ಎಂದು 2:13 ಇದೆ. ಮೊದಲನೆಯದನ್ನು ಮಾತ್ರ ಓದಿದರೆ ಭಯ ಹಿಡಿಯುತ್ತದೆ, ಎರಡನೆಯದನ್ನು ಮಾತ್ರ ಓದಿದರೆ ಮೈಗಳ್ಳತನ. ಎಫೆಸದಲ್ಲೂ ಅದೇ ಕಥೆ: ಕರಪತ್ರಗಳಲ್ಲಿ ಕೃಪೆಯಿಂದಲೇ ರಕ್ಷಣೆ ಎನ್ನುವ 2:8-9 ಅಚ್ಚಾಗುತ್ತದೆ, 10 ಬಿಟ್ಟುಹೋಗುತ್ತದೆ. ನಾವು ಸತ್ಕ್ರಿಯೆಗಳಿಗಾಗಿ ಸೃಷ್ಟಿಯಾದವರು ಎಂದಿರುವುದು ಆ ಹತ್ತರಲ್ಲಿ. ಮಕ್ಕಳಿಗೆ ಕಂಠಪಾಠ ಕೊಡುವುದಾದರೆ 8ರಿಂದ 10ರವರೆಗೆ ಒಟ್ಟಿಗೇ ಕೊಡಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಸಭೆಯಲ್ಲಿ ಕೈ ಎತ್ತಿಸಿ, ಚೀಟಿಗೆ ಸಹಿ ಹಾಕಿಸಿ, “ಇವತ್ತಿಗೆ ನಿನಗೆ ರಕ್ಷಣೆಯಾಯಿತು” ಎಂದು ತಾರೀಕು ಬರೆಸುವ ಪದ್ಧತಿ ಕೆಲವು ಕಡೆ ಇದೆ. ಆ ಚೀಟಿಯ ಮೇಲೇ ಹುಡುಗ ಭರವಸೆ ಇಟ್ಟರೆ ಅದೂ ಒಂದು ಕ್ರಿಯೆಯೇ ಆಯಿತಲ್ಲ? ನಂಬಿಕೆ ಹಿಡಿಯಬೇಕಾದದ್ದು ಕ್ರಿಸ್ತನನ್ನು, ನಂಬಿದ ತಾರೀಕನ್ನಲ್ಲ.

ಬಂಗಾರಪೇಟೆ ಮೆಥಡಿಸ್ಟ್:

ಇಬ್ಬರ ನಡುವೆ ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯನ್ನು ಕೂರಿಸಬಹುದು. 1765ರ ಒಂದು ಪ್ರಸಂಗದಲ್ಲಿ ಅವನು ಇದೇ ಗಂಟನ್ನು ಬಿಡಿಸುತ್ತಾನೆ. ನಂಬಿಕೆ ನೇರವಾಗಿ, ಆ ಕ್ಷಣಕ್ಕೇ ಅಗತ್ಯ. ಪಶ್ಚಾತ್ತಾಪಕ್ಕೆ ತಕ್ಕ ಫಲವೂ ಅಗತ್ಯವೇ, ಆದರೆ ಸಮಯವೂ ಅವಕಾಶವೂ ಇದ್ದರೆ. ಕಳ್ಳನಿಗೆ ಸಮಯವಿರಲಿಲ್ಲ. ನಿಮ್ಮ ಕ್ಲಾಸಿನ ಮಕ್ಕಳಿಗೆ ಇದೆ. ಮುಂದೆ ಕಾಲೇಜು, ಕೆಲಸ, ಮದುವೆ ಎಲ್ಲ ಇದೆ.

ವೆಸ್ಲಿ 1743ರಲ್ಲಿ ತನ್ನ ಗುಂಪುಗಳಿಗೆ ಬರೆದ ನಿಯಮ ಮೂರೇ: ಕೆಡುಕು ಮಾಡಬೇಡ, ಕೈಲಾದ ಒಳಿತನ್ನೆಲ್ಲ ಮಾಡು, ದೇವರು ನೇಮಿಸಿದ ಆರಾಧನೆ, ವಾಕ್ಯ, ಪ್ರಾರ್ಥನೆ, ಉಪವಾಸ, ಪ್ರಭುಭೋಜನಗಳನ್ನು ಬಿಡಬೇಡ. ಸೇರುವವನಿಗೆ ಇದ್ದ ಷರತ್ತು ಪಾಪದಿಂದ ಪಾರಾಗಬೇಕೆಂಬ ಬಯಕೆಯೊಂದೇ. ನಿಯಮ ಆ ಬಯಕೆ ನಿಜವೋ ಸುಳ್ಳೋ ತೋರಿಸುವುದಕ್ಕೆ. ಪ್ರವೇಶಕ್ಕೆ ಬಯಕೆ, ಒಳಗೆ ಬಂದ ಮೇಲೆ ನಿಯಮ ಎಂಬ ಈ ಅನುಕ್ರಮವನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

75 ನಿಮಿಷಕ್ಕೆ ನನ್ನ ಸಲಹೆ ಹೀಗೆ. ಮೊದಲ 10 ನಿಮಿಷ ಎರಡು ವಚನಗಳನ್ನೂ ಜೋರಾಗಿ ಓದಿಸಿ, ವಿರೋಧ ಇದೆಯೇ ಎಂದು ಕೇಳಿ, ನೀವು ಉತ್ತರ ಕೊಡಬೇಡಿ. ಆಮೇಲೆ 20 ನಿಮಿಷ ಅಬ್ರಹಾಮನ ಗೆರೆ. ವಯಸ್ಸನ್ನು ಅವರೇ ಹುಡುಕಿ ಬರೆಯಲಿ, ನೀವು ಬರೆದು ತೋರಿಸಿದರೆ ಅದು ನಿಮ್ಮ ಮಾತಾಗಿಯೇ ಉಳಿಯುತ್ತದೆ. ಎರಡು ಪಟ್ಟಿಗೆ 15 ನಿಮಿಷ, ಎರಡೂ ಗುಂಪಿನವರು ಓದಿ ಹೇಳಲಿ. ಎಫೆಸ 2:8-10ಕ್ಕೆ 10. ಸಭೆಗಳ ನಡುವಿನ ವ್ಯತ್ಯಾಸಕ್ಕೆ 10ಕ್ಕಿಂತ ಹೆಚ್ಚು ಬೇಡ. ಕೆಜಿಎಫ್‌ನವರು ಹೇಳಿದ ಎರಡು ಅಂಶ, 1999ರ ಘೋಷಣೆ, ಅಷ್ಟು ಸಾಕು. ಉಳಿದ 10 ಪ್ರಶ್ನೆಗೆ. ಸಮಯ ಮೀರುವುದು ಸಾಮಾನ್ಯವಾಗಿ ಅಬ್ರಹಾಮನಲ್ಲಿ, ಏಕೆಂದರೆ ಯಾರಾದರೂ ಒಬ್ಬರು ಇಸಾಕನ ಬಲಿ ಸರಿಯೇ ಎಂದು ಕೇಳಿಯೇ ಕೇಳುತ್ತಾರೆ. ಅದು ದೊಡ್ಡ ಪ್ರಶ್ನೆ, ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ದ್ರಾಕ್ಷಿತೋಟದ ಕೂಲಿಗಳ ಸಾಮ್ಯವನ್ನು (ಮತ್ತಾಯ 20) ತರುವ ಆಸೆ ಬರುತ್ತದೆ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ಟೊಮೆಟೊ ಕೀಳುವ ಆಳುಗಳ ಲೆಕ್ಕ ಮನೆಯಲ್ಲಿ ನೋಡಿದ ಕೋಲಾರದ ಮಕ್ಕಳಿಗೆ ಬೆಳಗ್ಗೆ ಬಂದವರ ಗೊಣಗಾಟ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅದು ಹುಟ್ಟಿದ್ದು ನಾವು ಎಲ್ಲ ಬಿಟ್ಟು ಬಂದೆವು, ನಮಗೇನು ಸಿಗುತ್ತದೆ ಎಂಬ ಪೇತ್ರನ ಪ್ರಶ್ನೆಯಿಂದ (19:27). ಯಜಮಾನನ ಉದಾರತೆ ತೋರಿಸಲು ಬಳಸಿ, ಯಾಕೋಬನ ಪ್ರಶ್ನೆಗೆ ಉತ್ತರ ಅದರಲ್ಲಿ ಹುಡುಕಬೇಡಿ.

ತುಮಕೂರು ಟೀಚರ್:

ಎಲ್ಲರಿಗೂ ಧನ್ಯವಾದ. ವಯಸ್ಸಿನ ಗೆರೆ, ಎರಡು ಪಟ್ಟಿ ಎರಡನ್ನೂ ತೆಗೆದುಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ, ತುಮಕೂರಿನಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಸಿದ್ಧಗಂಗಾ ಮಠದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ದಿನಾ ಅನ್ನ, ವಿದ್ಯೆ. ಶಿವಕುಮಾರ ಸ್ವಾಮಿಗಳು 2019ರಲ್ಲಿ ತೀರಿಕೊಂಡಾಗ ನಮ್ಮ ಸಭೆಗಳವರೂ ಕಣ್ಣೀರು ಹಾಕಿದರು. “ಕ್ರಿಯೆಯಿಂದ ರಕ್ಷಣೆ ಇಲ್ಲ ಅಂದರೆ ಆ ದಾಸೋಹಕ್ಕೆ ದೇವರ ಮುಂದೆ ಬೆಲೆ ಇಲ್ಲವಾ?” ಎಂದು ಮಕ್ಕಳು ಕೇಳಿದರೆ?

ಕೋಲಾರ ಪ್ರಾರ್ಥನಾ ಗುಂಪು:

ಯೆಶಾಯ 64:6 ನೋಡಿ ಸಿಸ್ಟರ್. ಮನುಷ್ಯರ ನೀತಿಯೆಲ್ಲ ಮೈಲಿಗೆಯ ಬಟ್ಟೆ.

ಚಿಂತಾಮಣಿ ವೇದಪಾಠ:

ಆ ವಚನವನ್ನು ಈ ಪ್ರಶ್ನೆಗೆ ದಯವಿಟ್ಟು ಬಳಸಬೇಡಿ. ಅದು ‘ನಮ್ಮ’ ನೀತಿ ಎಂದು ಇಸ್ರಾಯೇಲ್ಯರು ತಮ್ಮ ಪಾಪವನ್ನು ತಾವೇ ಅರಿಕೆ ಮಾಡಿಕೊಳ್ಳುವ ಪ್ರಾರ್ಥನೆಯ ಸಾಲು. ಪಕ್ಕದ ಮನೆಯವರು ಹಸಿದವರಿಗೆ ಹಾಕಿದ ಅನ್ನಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪಾಪ ಒಪ್ಪಿಕೊಳ್ಳಲು ಬರೆದ ಮಾತನ್ನು ಬೇರೆಯವರ ಮೇಲೆ ಎಸೆಯುವುದು, ತನ್ನನ್ನು ಹೊಗಳಿಕೊಂಡು ಪಕ್ಕದವನನ್ನು ಹಳಿದ ಲೂಕ 18ರ ಫರಿಸಾಯನ ಚಾಳಿ.

ಇಲ್ಲಿಗೆ ಸರಿಹೊಂದುವ ಭಾಗ ಅಪೊಸ್ತಲರ ಕೃತ್ಯಗಳು 10. ಕೊರ್ನೇಲ್ಯ ರೋಮಿನ ಶತಾಧಿಪತಿ, ಸುನ್ನತಿಯಾಗಿಲ್ಲ, ಕ್ರಿಸ್ತನನ್ನು ಇನ್ನೂ ಅರಿತಿಲ್ಲ. ಆದರೂ ಅವನ ಪ್ರಾರ್ಥನೆ, ದಾನಧರ್ಮಗಳು ದೇವರ ಸನ್ನಿಧಿಗೆ ಜ್ಞಾಪಕಾರ್ಥವಾಗಿ ಏರಿಬಂದವು ಎಂದು 10:4. ಯಾವ ಜನಾಂಗದವನಾದರೂ ದೇವರಿಗೆ ಭಯಪಟ್ಟು ನೀತಿಯಿಂದ ನಡೆದರೆ ಮೆಚ್ಚಿಕೆಯಾಗುತ್ತಾನೆ ಎಂದು 10:35. ಅಂದಮೇಲೆ ಬೆಲೆ ಇಲ್ಲ ಎನ್ನುವ ಅಧಿಕಾರ ನಮಗಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲುವುದೂ ಇಲ್ಲ. ರಕ್ಷಣೆಯಾಗುವ ಮಾತುಗಳನ್ನು ಪೇತ್ರ ಬಂದು ಹೇಳುತ್ತಾನೆ ಎಂದು ದೂತನು ಹೇಳಿದ್ದು 11:14ರಲ್ಲಿದೆ. ಕೊರ್ನೇಲ್ಯನ ದಾನವನ್ನು ಸುವಾರ್ತೆ ತಳ್ಳಿಹಾಕಲಿಲ್ಲ, ಅವನ ದಾನ ಸುವಾರ್ತೆಯನ್ನು ಅನಗತ್ಯ ಮಾಡಲೂ ಇಲ್ಲ. ಎರಡನ್ನೂ ಇದ್ದ ಹಾಗೆ ಹೇಳಿ, ತೀರ್ಪಿನ ಕುರ್ಚಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಕೆಜಿಎಫ್ ಧರ್ಮೋಪದೇಶಿ:

ನಮ್ಮ ಕಡೆ ಇದಕ್ಕೆ ಎರಡನೇ ವ್ಯಾಟಿಕನ್ ಮಹಾಸಭೆಯು ಸಭೆಯ ಸ್ವರೂಪದ ಬಗ್ಗೆ ಹೊರಡಿಸಿದ ಸಭಾಸಂವಿಧಾನದ 16ನೇ ಪರಿಚ್ಛೇದ (1964) ಇದೆ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಹುಡುಕಿ, ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಲ್ಲರು ಎನ್ನುತ್ತದೆ. ಗಮನಿಸಿ, ಅಲ್ಲಿಯೂ “ಕೃಪೆಯ ಪ್ರೇರಣೆಯಿಂದ” ಎಂಬ ಮಾತು ಇದೆ. ಕಾರ್ಯ ಒಂದೇ ಸಾಕು ಎನ್ನುವ ಬಾಗಿಲು ತೆರೆದಿಲ್ಲ. ಇದಕ್ಕೆ ಎದುರಾಗಿ ಆಂಗ್ಲಿಕನ್ನರ ಬೋಧನೆಯ 39 ವಿಧಿಗಳಲ್ಲಿ 13ನೆಯದು ಕೃಪೆಗೆ ಮುಂಚಿನ ಕಾರ್ಯಗಳ ಬಗ್ಗೆ ಬಹಳ ಬಿಗಿ, ಅವು ದೇವರಿಗೆ ಮೆಚ್ಚಿಕೆಯಲ್ಲ ಎನ್ನುತ್ತದೆ. ಮಕ್ಕಳಲ್ಲಿ ಯಾರಾದರೂ ಅದನ್ನು ಹುಡುಕಿ ತಂದರೆ ಗಾಬರಿಯಾಗಬೇಡಿ. ಅದು ಸ್ವಂತ ಯೋಗ್ಯತೆಯಿಂದ ಕೃಪೆಯನ್ನು ಗಳಿಸಬಹುದು ಎಂಬ 16ನೇ ಶತಮಾನದ ವಾದಕ್ಕೆ ಕೊಟ್ಟ ಉತ್ತರ.

ಮತ್ತಾಯ 25ರ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಮ್ಮ ಏಳು ಶಾರೀರಿಕ ದಯಾಕಾರ್ಯಗಳಲ್ಲಿ ಆರು ಅಲ್ಲಿಂದಲೇ ಬಂದವು: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆ, ರೋಗಿಗಳ ಭೇಟಿ, ಸೆರೆಯವರ ಭೇಟಿ. ಸತ್ತವರನ್ನು ಹೂಳುವ ಏಳನೆಯದು ತೋಬಿತನ ಪುಸ್ತಕದಿಂದ, ಅದು ನಿಮ್ಮ ಬೈಬಲಿನ 66 ಪುಸ್ತಕಗಳಲ್ಲಿಲ್ಲ, ನಮ್ಮ 73ರಲ್ಲಿದೆ. ಆ ಭಾಗವನ್ನು ಓದಿಸುವಾಗ ಮಕ್ಕಳು ಗಮನಿಸದೆ ಹೋಗುವುದು ಬಲಗಡೆಯವರ ಪ್ರಶ್ನೆಯನ್ನು. ಪ್ರಭುವೇ, ಯಾವಾಗ ನಿನ್ನನ್ನು ನೋಡಿದೆವು ಎಂದು ಅವರೇ ಕೇಳುತ್ತಾರೆ. ಮಾಡಿದ್ದು ಅವರಿಗೆ ನೆನಪೇ ಇಲ್ಲ. ಅಂಜುಬುರುಕ ಮಕ್ಕಳಿಗೆ ಆ ಜಾಗದಲ್ಲಿ ನಿಲ್ಲಿಸಿ ಓದಿಸಿದರೆ ಅರ್ಧ ಭಯ ಇಳಿಯುತ್ತದೆ.

ಬಂಗಾರಪೇಟೆ ಮೆಥಡಿಸ್ಟ್:

ನಮ್ಮ ನಾಡಿನ ಮಕ್ಕಳಿಗೆ ಇನ್ನೊಂದು ಎಡವುಗಲ್ಲು ಇದೆ, ಅದು ಪಾಶ್ಚಾತ್ಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ಪುಣ್ಯ ಎಂಬ ಮಾತು ಮನೆ, ಶಾಲೆ, ಬಸ್‌ಸ್ಟ್ಯಾಂಡ್ ಎಲ್ಲೆಡೆ ಇದೆ. ಭಿಕ್ಷೆ ಹಾಕಿದರೆ ಪುಣ್ಯ, ಅದು ಎಲ್ಲೋ ಜಮೆಯಾಗುತ್ತದೆ, ಪಾಪಕ್ಕೆ ವಜಾ ಆಗುತ್ತದೆ. ಕ್ರೈಸ್ತ ಮಕ್ಕಳೂ ಅದನ್ನೇ ಉಸಿರಾಡುತ್ತಾರೆ. ಪರೀಕ್ಷೆ ಪಾಸಾದರೆ ಇಷ್ಟು ಕಾಣಿಕೆ ಎಂಬ ಹರಕೆ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಾರು ಕೂಗುವುದು, ಇವೆಲ್ಲ ಕೃತಜ್ಞತೆಯೂ ಆಗಬಹುದು, ವ್ಯಾಪಾರವೂ ಆಗಬಹುದು. ಹೊರಗಿನಿಂದ ಒಂದೇ ಥರ ಕಾಣುತ್ತದೆ. ಕೊಡುವುದು ಬಿಡಿ ಎಂದು ಹೇಳಬೇಕಿಲ್ಲ. ಪಾಸಾಗದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದರೆ ಸಾಕು. ಸುಂಕ ವಸೂಲಿಯ ಜಕ್ಕಾಯನ ಕಥೆಯ ಅನುಕ್ರಮ ಇಲ್ಲಿ ಸಹಾಯಕ್ಕೆ ಬರುತ್ತದೆ (ಲೂಕ 19:5-9). ಮೊದಲು ಯೇಸು ಅವನ ಮನೆಗೆ ಬರುತ್ತೇನೆ ಎನ್ನುತ್ತಾನೆ, ಆಮೇಲೆ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಎನ್ನುತ್ತಾನೆ. ಅವನು ಕೊಟ್ಟಿದ್ದಕ್ಕೆ ಯೇಸು ಬಂದದ್ದಲ್ಲ.

ಪಾಠ ತಲೆಗೆ ಹೋಗಿದೆಯೇ ನೋಡಲು ಬಿಟ್ಟಸ್ಥಳ ತುಂಬಿಸಬೇಡಿ, “ನಂಬಿಕೆ” ಎಂದು ಎಲ್ಲರೂ ಬರೆಯುತ್ತಾರೆ. ಸನ್ನಿವೇಶ ಕೊಟ್ಟು ಪೌಲ ಏನನ್ನುತ್ತಾನೆ, ಯಾಕೋಬ ಏನನ್ನುತ್ತಾನೆ ಎಂದು ಎರಡೆರಡು ಸಾಲು ಬರೆಸಿ. ಉದಾಹರಣೆಗೆ: ಇಪ್ಪತ್ತು ವರ್ಷ ಸಭೆಗೆ ತಪ್ಪದೆ ಬಂದು ಮನೆಗೆಲಸದವಳ ಸಂಬಳ ಹಿಡಿದಿಟ್ಟವನು (ಇದಕ್ಕೆ ಯಾಕೋಬ 5:4 ಸಹ ಹುಡುಕಲಿ). ಹಿಂದೆ ಮಾಡಿದ ತಪ್ಪಿಗೆ ಎಷ್ಟು ಸೇವೆ ಮಾಡಿದರೂ ಸಾಲದು ಎಂದು ಕೊರಗುವ ಹುಡುಗಿ. ಕೃಪೆ ಇದೆಯಲ್ಲ ಎಂದು ಕಾಪಿ ಹೊಡೆಯುವವನು (ರೋಮಾ 6:1-2). ಹಾಸಿಗೆ ಹಿಡಿದು ಏನೂ ಮಾಡಲಾಗದ ಅಜ್ಜ. ಕೊನೆಯವನ ಬಗ್ಗೆ ಬಹಳ ಮಕ್ಕಳು ತಡವರಿಸುತ್ತಾರೆ, ಪ್ರಾರ್ಥನೆಯೂ ತಾಳ್ಮೆಯೂ ಕೆಲಸ ಎಂದು ಅವರಿಗೆ ಹೊಳೆಯುವುದಿಲ್ಲ. ಅಲ್ಲಿ ಯಾಕೋಬನದೇ 5:10-16 ಓದಿಸಿ.

ತುಮಕೂರು ಟೀಚರ್:

ಸನ್ನಿವೇಶಗಳನ್ನು ಹಾಗೆಯೇ ಬಳಸುತ್ತೇನೆ. ಹರಾಜಿನ ಮಾತನ್ನು ಮಾತ್ರ ಸುಗ್ಗಿ ಹಬ್ಬ ಮುಗಿದ ಮೇಲೆ ಎತ್ತುತ್ತೇನೆ, ಇಲ್ಲದಿದ್ದರೆ ಕಮಿಟಿಯವರು ನನ್ನನ್ನೇ ಕರೆದು ಕೇಳುತ್ತಾರೆ.